ಕಪಾಲಸಂಧಾನದಲ್ಲಿ ಸ್ವಾಸ್ಥಿಯೂ ಕೃತಕದ್ರವ್ಯವೂ: ಪ್ರತಿನಿಧಿನ್ಯಾಯದ ಬೆಳಕಿನಲ್ಲಿ ಒಂದು ವಿಚಾರ

೧. ಪ್ರಶ್ನೆಯ ಸ್ವರೂಪ

ಅಪಘಾತದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ತಲೆಯೋಡಿನಲ್ಲಿ ಉಂಟಾದ ತೆರವನ್ನು ರೋಗಿಯ ಸ್ವಂತ ಎಲುಬಿನಿಂದ ಮುಚ್ಚುವುದು ಯುಕ್ತವೋ, ಲೋಹ ಮೊದಲಾದ ಕೃತಕದ್ರವ್ಯಗಳಿಂದ ಮುಚ್ಚುವುದು ಯುಕ್ತವೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕೇವಲ ಶಸ್ತ್ರವೈದ್ಯರಿಗೆ ಸೇರಿದುದಾಗಿ ತೋರುವುದು. ಆದರೆ ಅದರ ಒಳಗೆ ಅಡಗಿರುವ ಪ್ರಶ್ನೆ ಶಾಸ್ತ್ರಾಭ್ಯಾಸಿಗಳಿಗೆ ಚಿರಪರಿಚಿತವಾದುದು. ಮುಖ್ಯವಸ್ತು ನಷ್ಟವಾದಲ್ಲಿ ಅದರ ಸ್ಥಾನಕ್ಕೆ ಏನನ್ನು ತರಬೇಕು? ತಂದುದು ಯಾವ ಅಂಶದಲ್ಲಿ ಮುಖ್ಯಕ್ಕೆ ಸದೃಶವಾಗಿರಬೇಕು? ಮುಖ್ಯವೇ ದೊರೆತರೂ ಅದು ಕಾರ್ಯಕ್ಕೆ ಒದಗದಿದ್ದರೆ ಗತಿಯೇನು? ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೈಮಿನಿಯು ಯಜ್ಞದ್ರವ್ಯಗಳ ವಿಷಯವಾಗಿ ಈ ಪ್ರಶ್ನೆಗಳನ್ನೇ ಎತ್ತಿ ನಿರ್ಣಯಿಸಿರುತ್ತಾನೆ. ಆ ನಿರ್ಣಯಗಳು ಇಂದಿನ ವೈದ್ಯರ ಅನುಭವದೊಡನೆ ಎಷ್ಟರಮಟ್ಟಿಗೆ ಹೊಂದುವುವೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆ ಎದುರಾಗುವುದು ಯಾರಿಗೆ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಗಂಡಸಿಯು ತೆಂಗಿನ ಸೀಮೆಗೆ ಸೇರಿದ ಹೋಬಳಿ. ಇಂತಹ ಸೀಮೆಯಲ್ಲಿ ಮರ ಹತ್ತಿ ಕಾಯಿ ಕೆಡಹುವವನು ಕಾಲು ಜಾರಿ ಬಿದ್ದರೂ, ರಸ್ತೆಯಲ್ಲಿ ಮೋಟಾರ್ ಸೈಕಲ್ ಮಗುಚಿದರೂ ತಲೆಗೆ ಪೆಟ್ಟಾಗುವ ಭಯ ಹೆಚ್ಚು. ಗಾಯಗೊಂಡವನನ್ನು ಅರಸೀಕೆರೆಗೂ, ಅಲ್ಲಿಂದ ಹಾಸನಕ್ಕೂ, ಮತ್ತೂ ಅವಶ್ಯವಾದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಒಯ್ಯುವರು. ಹಾಸನದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ೨೦೦೬ರಲ್ಲಿ ಆರಂಭವಾಯಿತು. ನಿಮ್ಹಾನ್ಸ್ ೧೯೭೪ರಲ್ಲಿ, ಹಿಂದಿನ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ ಏರ್ಪಟ್ಟಿತು. ಪೆಟ್ಟು ಬಿದ್ದ ಮಿದುಳು ಊದಿಕೊಳ್ಳುವುದು. ನಾಲ್ಕು ಕಡೆಯೂ ಎಲುಬಿನಿಂದ ಮುಚ್ಚಿದ ಪಾತ್ರೆಯೊಳಗೆ ಊದಿದ ಮಿದುಳಿಗೆ ಎಡೆಯಿಲ್ಲದೆ ಪ್ರಾಣಕ್ಕೆ ಅಪಾಯ ಒದಗುವುದು. ಆಗ ಶಸ್ತ್ರವೈದ್ಯನು ತಲೆಯೋಡಿನಿಂದ ಅಂಗೈಯಗಲದ ಒಂದು ಬಿಲ್ಲೆಯನ್ನು ಕತ್ತರಿಸಿ ತೆಗೆದು, ಮಿದುಳಿಗೆ ಜಾಗ ಮಾಡಿಕೊಟ್ಟು, ಮೇಲಿನ ಚರ್ಮವನ್ನು ಮಾತ್ರ ಹೊಲಿಯುವನು. ಊತ ಇಳಿದು ಗಾಯ ಮಾಯ್ದ ಮೇಲೆ, ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ, ಆ ತೆರವನ್ನು ಮುಚ್ಚಬೇಕಾಗುವುದು. ಪ್ರಕೃತ ಪ್ರಶ್ನೆ ಹುಟ್ಟುವುದು ಆಗಲೇ.

ಮುಚ್ಚದೆ ಬಿಟ್ಟರೆ ಆಗದೆ ಎಂಬ ಶಂಕೆಗೆ ಸಮಾಧಾನವಿದು. ತೆರವಿನ ಕೆಳಗೆ ಮಿದುಳಿಗೆ ಚರ್ಮವಲ್ಲದೆ ಬೇರೆ ರಕ್ಷಣೆಯಿಲ್ಲ. ತಲೆಯ ಆಕಾರ ಕುಂದಿ ಮನುಷ್ಯನು ಜನರ ನಡುವೆ ಬರಲು ಅಂಜುವನು. ಇವೆರಡರಿಂದಲೂ ಬೇರೆಯಾದ ಮೂರನೆಯ ಕಾರಣವೂ ಉಂಟು. ತಲೆಯೋಡು ತೆಗೆದ ರೋಗಿಗಳಲ್ಲಿ ತಲೆನೋವು, ತಲೆಸುತ್ತು, ಬೇಗ ದಣಿಯುವಿಕೆ ಮೊದಲಾದುವು ಕಾಣುವುದನ್ನು ೧೯೩೯ರಲ್ಲಿ ಅಮೆರಿಕದ ಗ್ರಾಂಟ್ ಮತ್ತು ನಾರ್‌ಕ್ರಾಸ್ ಎಂಬವರು ವಿವರಿಸಿದರು. ಚರ್ಮವು ಒಳಕ್ಕೆ ಕುಸಿದು ಹೊರಗಿನ ವಾಯುಭಾರ ಮಿದುಳಿನ ಮೇಲೆ ಬೀಳುವುದರಿಂದ ಕೆಲವರ ಕೈಕಾಲಿನ ಶಕ್ತಿಯೂ ಮಾತೂ ಕೆಡುವುದುಂಟು. ತೆರವನ್ನು ಮುಚ್ಚಿದ ಮೇಲೆ ಇವು ಸುಧಾರಿಸಿದ ದೃಷ್ಟಾಂತಗಳೂ ಉಂಟು. ಆದಕಾರಣ ಇದನ್ನು ಕೇವಲ ಅಂದದ ಕೆಲಸವೆಂದೆಣಿಸುವುದು ಸರಿಯಲ್ಲ.

೨. ಹೆಸರುಗಳ ವಿಚಾರ

ಅಮರಕೋಶದ ಮನುಷ್ಯವರ್ಗದಲ್ಲಿ ಕರ್ಪರ, ಕಪಾಲ ಎಂಬುವು ತಲೆಯೋಡಿಗೆ ಪರ್ಯಾಯನಾಮಗಳು. ಎರಡಕ್ಕೂ ಮಡಕೆಯ ಹೋಳು ಎಂಬ ಅರ್ಥವೂ ಇದೆ. ಪುರೋಡಾಶವನ್ನು ಸುಡುವ ಮಣ್ಣಿನ ಬಿಲ್ಲೆಗಳಿಗೂ ಯಜ್ಞಪ್ರಕರಣದಲ್ಲಿ ಕಪಾಲವೆಂದೇ ಹೆಸರು; ಅಷ್ಟಾಕಪಾಲ, ಏಕಾದಶಕಪಾಲ ಎಂಬ ವ್ಯವಹಾರ ಅದರಿಂದ ಬಂದುದು. ಕನ್ನಡವೂ ಇದೇ ದಾರಿಯನ್ನು ಹಿಡಿದಿದೆ. ಓಡು ಎಂದರೆ ಮಡಕೆಯ ಚೂರು, ತಲೆಯೋಡು ಎಂದರೆ ಕಪಾಲ. ಸೋರೆಯದೂ ಬುರುಡೆ, ತಲೆಯದೂ ಬುರುಡೆ. ತೆಂಗಿನಕಾಯಿಗೆ ಚಿಪ್ಪು, ಮೊಣಕಾಲಿಗೂ ಚಿಪ್ಪು. ಹಳೇಬೀಡಿನ ಭಿತ್ತಿಶಿಲ್ಪಗಳಲ್ಲಿ ಭೈರವನು ಹಿಡಿದಿರುವ ಕಪಾಲವು ಪಾತ್ರೆಯೇ ಆಗಿದೆ.

ಈ ಹೆಸರುಗಳೆಲ್ಲ ತಲೆಯೋಡನ್ನು ಒಂದು ನಿರ್ಜೀವವಾದ ಪಾತ್ರೆಯಂತೆ ಭಾವಿಸುತ್ತವೆ. ಪಾತ್ರೆ ತೂತಾದರೆ ಯಾವುದಾದರೂ ಗಟ್ಟಿಯಾದ ಬೆಸುಗೆ ಸಾಕು ಎಂಬ ಬುದ್ಧಿ ಅದರಿಂದ ಹುಟ್ಟುವುದು. ಸುಶ್ರುತನ ಒಂದು ಮಾತು ಮಾತ್ರ ಬೇರೆ ದಾರಿಯದು. ಅವನು ಶಾರೀರಸ್ಥಾನದಲ್ಲಿ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ತಲೆಯ ಮತ್ತು ಕಟಿಯ ಕಪಾಲಾಸ್ಥಿಗಳ ಸಂಧಿಗೆ ತುನ್ನಸೇವನೀ ಎಂಬ ಹೆಸರನ್ನು ಕೊಟ್ಟಿರುತ್ತಾನೆ. ಹರಿದ ಬಟ್ಟೆಯನ್ನು ಕೂಡಿಸಿ ಹೊಲಿದ ಹೊಲಿಗೆಯಂತೆ ಇರುವ ಸಂಧಿಯೆಂದು ತಾತ್ಪರ್ಯ. ಹಲ್ಲುಹಲ್ಲಾಗಿ ಒಂದರೊಳಗೊಂದು ಸೇರಿದ ಆ ಅಂಚುಗಳನ್ನು ನೋಡಿದವರಿಗೆ ಹೆಸರಿನ ಔಚಿತ್ಯ ತಿಳಿಯುವುದು. ಮಗುವಿನಲ್ಲಿ ಆ ಹೊಲಿಗೆಯ ಎಡೆಯಲ್ಲಿಯೇ ಎಲುಬು ಬೆಳೆಯುವುದು. ಅದು ರಕ್ತವನ್ನು ಪಡೆದು, ಸವೆದು, ಮತ್ತೆ ಕಟ್ಟಿಕೊಳ್ಳುವ ಸಜೀವಧಾತು. ಪಾತ್ರೆಯೆಂಬ ಉಪಮಾನವು ರಕ್ಷಣೆಯ ಅಂಶದಲ್ಲಿ ಮಾತ್ರ ಸಲ್ಲುವುದು; ಬೆಳವಣಿಗೆ ಮತ್ತು ಮಾಯುವಿಕೆಗಳಲ್ಲಿ ಸಲ್ಲದು. ಮುಂದಿನ ವಿಚಾರಕ್ಕೆಲ್ಲ ಈ ಭೇದವೇ ಆಧಾರ.

೩. ಪ್ರಾಚೀನ ವೈದ್ಯಗ್ರಂಥಗಳು

ಸುಶ್ರುತಸಂಹಿತೆಯಲ್ಲಿ ಅಸ್ಥಿಗಳು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದು ವಿಧ. ತರುಣಾಸ್ಥಿಗಳು ಬಾಗುವುವು, ನಲಕಗಳು ಮುರಿಯುವುವು, ಕಪಾಲಗಳು ಸೀಳುವುವು, ರುಚಕಗಳೆಂಬ ಹಲ್ಲುಗಳು ಸಿಡಿಯುವುವು ಎಂದು ನಿದಾನಸ್ಥಾನದಲ್ಲಿ ಭೇದವನ್ನು ತೋರಿಸಿದೆ. ಹಣೆಯ ಎಲುಬು ಪುಡಿಯಾದುದು, ಕೂಡದೆ ಬೇರ್ಪಟ್ಟ ಕಪಾಲ, ಶಂಖಪ್ರದೇಶದ ಮತ್ತು ನೆತ್ತಿಯ ಭಗ್ನ ಇವುಗಳನ್ನು ವೈದ್ಯನು ಕೈಬಿಡಬೇಕೆಂದೂ ಹೇಳಿದೆ. ಹೀಗಿದ್ದರೂ ಚಿಕಿತ್ಸೆ ಸರ್ವಥಾ ಇಲ್ಲವೆಂದಲ್ಲ. ಮಸ್ತುಲುಂಗ, ಎಂದರೆ ಮಿದುಳು, ಹೊರಬರದೆ ಕಪಾಲ ಮಾತ್ರ ಒಡೆದಿದ್ದರೆ ಜೇನುತುಪ್ಪ ಮತ್ತು ತುಪ್ಪವನ್ನಿಟ್ಟು ಕಟ್ಟಿ, ಏಳು ದಿನ ತುಪ್ಪ ಕುಡಿಸಬೇಕೆಂಬ ವಿಧಿಯುಂಟು. ತಲೆಯಿಂದ ಶಲ್ಯವನ್ನು ಕಿತ್ತ ಮೇಲೆ ಆ ರಂಧ್ರದಲ್ಲಿ ಕೂದಲಿನ ಬತ್ತಿಯನ್ನಿಡಬೇಕು. ಇಡದಿದ್ದರೆ ಮಸ್ತುಲುಂಗ ಒಸರುವುದು. ಗಾಯ ಮಾಯುತ್ತ ಬಂದಂತೆ ಕೂದಲನ್ನು ಒಂದೊಂದಾಗಿ ತೆಗೆಯಬೇಕು ಎಂಬ ವಿಧಿಯು ಅದಕ್ಕಿಂತಲೂ ಗಮನಾರ್ಹವಾದುದು. ಅಲ್ಲಿ ಪರದ್ರವ್ಯವು ತಾತ್ಕಾಲಿಕವಾದ ತಡೆ. ಶರೀರವು ತಾನೇ ತುಂಬಿಕೊಂಡಷ್ಟು ಅದು ಹಿಂದೆಗೆಯಬೇಕು.

ಕಪಾಲದ ತೆರವಿಗೆ ಶಾಶ್ವತವಾದ ಮುಚ್ಚಳವನ್ನಿಡುವ ವಿಧಿ ಸುಶ್ರುತನಲ್ಲಿಲ್ಲ. ಆದರೆ ಮುಖ್ಯವಾದ ಒಂದು ತತ್ತ್ವವು ನಾಸಾಸಂಧಾನದಲ್ಲಿ ದೊರೆಯುವುದು. ಕತ್ತರಿಸಿಹೋದ ಮೂಗಿಗೆ ಎಲೆಯಿಂದ ಅಳತೆ ತೆಗೆದು, ಅಷ್ಟೇ ಪ್ರಮಾಣದ ಮಾಂಸವನ್ನು ಕೆನ್ನೆಯಿಂದ, ಅದರ ಸಂಬಂಧ ಕಡಿಯದಂತೆ, ಎತ್ತಿ ಕೂಡಿಸುವುದೇ ಆ ವಿಧಾನ. ಜೀವಸಂಬಂಧ ಉಳಿದ ದ್ರವ್ಯವು ಮಾತ್ರ ಸ್ವದ್ರವ್ಯವಾಗಿ ನಡೆದುಕೊಳ್ಳುವುದೆಂಬ ಅರಿವು ಇದರಲ್ಲಿದೆ. ೧೭೯೨ರ ಮೈಸೂರು ಯುದ್ಧದಲ್ಲಿ ಮೂಗು ಕಳೆದುಕೊಂಡ ಕಾವಸ್‌ಜೀ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಕಡೆಯ ವೈದ್ಯನೊಬ್ಬನು ಹಣೆಯ ಚರ್ಮದಿಂದ ಮೂಗು ಕಟ್ಟಿದ ವೃತ್ತಾಂತವು ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಯೂರೋಪಿನ ವೈದ್ಯರ ಕಣ್ತೆರೆಸಿತು.

ವೇದದ ಉಪಾಖ್ಯಾನಗಳೆರಡು ಇಲ್ಲಿ ನೆನಪಿಗೆ ಬರುವುವು. ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಜಂಘೆಯನ್ನು ಕೊಟ್ಟರೆಂದು ಋಗ್ವೇದದಲ್ಲಿದೆ. ದಧ್ಯಂಚ ಋಷಿಯ ತಲೆಯನ್ನು ಅವರೇ ತೆಗೆದು ಬೇರೆಡೆ ಇರಿಸಿ, ಕುದುರೆಯ ತಲೆಯನ್ನು ಜೋಡಿಸಿ, ಇಂದ್ರನು ಆ ಅಶ್ವಶಿರಸ್ಸನ್ನು ಕತ್ತರಿಸಿದ ಬಳಿಕ ಋಷಿಯ ತಲೆಯನ್ನೇ ತಂದು ಮರಳಿ ಕೂಡಿಸಿದರೆಂದು ಶತಪಥಬ್ರಾಹ್ಮಣದಲ್ಲಿದೆ. ಒಂದರಲ್ಲಿ ಕೃತಕಾಂಗ, ಇನ್ನೊಂದರಲ್ಲಿ ಕಾದಿಟ್ಟ ಸ್ವಾಂಗ. ಇವುಗಳನ್ನು ಹಿಡಿದು ಆ ಕಾಲದಲ್ಲಿ ಇಂತಹ ಶಸ್ತ್ರಕ್ರಿಯೆಗಳು ನಡೆಯುತ್ತಿದ್ದುವೆಂದು ಸಾಧಿಸಹೊರಡುವುದು ಅರ್ಥವಾದವನ್ನು ವಿಧಿಯೆಂದು ಭ್ರಮಿಸಿದಂತೆ. ಪಕ್ಷಗಳೆರಡೂ ಪ್ರಾಚೀನರ ಕಲ್ಪನೆಗೆ ಗೋಚರವಾಗಿದ್ದುವೆಂಬಷ್ಟನ್ನು ಮಾತ್ರ ಇವುಗಳಿಂದ ಗ್ರಹಿಸಬಹುದು.

೪. ದ್ರವ್ಯಗಳ ಇತಿಹಾಸ

ತಲೆಯೋಡನ್ನು ಕೊರೆಯುವ ಕ್ರಿಯೆ ಬಹು ಪ್ರಾಚೀನವಾದುದು; ಕಾಶ್ಮೀರದ ಬುರ್ಜ್‌ಹೋಮಿನ ನವಶಿಲಾಯುಗದ ನೆಲೆಯಲ್ಲಿ ಕೊರೆದ ತಲೆಯೋಡು ದೊರೆತಿದೆ. ತೆರವನ್ನು ಮುಚ್ಚಲು ದಕ್ಷಿಣ ಅಮೆರಿಕದ ಪೆರುವಿನಲ್ಲಿ ಚಿನ್ನದ ತಗಡನ್ನೂ, ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ತೆಂಗಿನ ಚಿಪ್ಪನ್ನೂ ಬಳಸಿದರೆಂದು ಶಸ್ತ್ರವೈದ್ಯದ ಇತಿಹಾಸಕಾರರು ಹೇಳುತ್ತಾರೆ. ಕಪಾಲಕ್ಕೂ ಕಾಯಿಗೂ ಒಂದೇ ಬಗೆಯ ಹೆಸರಿಟ್ಟ ಕನ್ನಡಿಗರಿಗೆ ಈ ಎರಡನೆಯ ಸಂಗತಿ ವಿಚಿತ್ರವಾಗಿ ತೋರಲಾರದು. ಹದಿನಾರನೆಯ ಶತಮಾನದಲ್ಲಿ ಇಟಲಿಯ ಫಾಲೋಪಿಯಸ್ ಚಿನ್ನದ ತಗಡಿನ ಪ್ರಯೋಗವನ್ನು ಹೇಳಿದನು. ೧೬೬೮ರಲ್ಲಿ ಅಚ್ಚಾದ ಡಚ್ ವೈದ್ಯ ಫಾನ್ ಮೇಕರೆನ್ನನ ಗ್ರಂಥದಲ್ಲಿ ರಷ್ಯದ ಶ್ರೀಮಂತನೊಬ್ಬನ ತಲೆಗೆ ನಾಯಿಯ ಎಲುಬನ್ನು ಕೂಡಿಸಿದ ವೃತ್ತಾಂತವಿದೆ. ಕ್ರೈಸ್ತ ಮಠವು ಅವನಿಗೆ ಬಹಿಷ್ಕಾರ ಹಾಕಲು, ಅವನು ಆ ಎಲುಬನ್ನು ತೆಗೆಸಹೊರಟನೆಂದೂ, ಅಷ್ಟರಲ್ಲಿ ಅದು ಕೂಡಿಹೋಗಿ ತೆಗೆಯಲಾಗಲಿಲ್ಲವೆಂದೂ ಹೇಳುವರು.

ರೋಗಿಯ ಸ್ವಂತ ಎಲುಬನ್ನು ಮರಳಿ ಇಟ್ಟು ಗುಣ ಕಂಡ ಮೊದಲ ದಾಖಲೆಯು ಜರ್ಮನಿಯ ವಾಲ್ಟರನದು, ೧೮೨೧. ೧೮೯೦ರಲ್ಲಿ ಮುಲ್ಲರ್ ಮತ್ತು ಕೋನಿಗ್ ಎಂಬವರು ತೆರವಿನ ಪಕ್ಕದ ತಲೆಯೋಡಿನ ಹೊರಪದರವನ್ನು ಚರ್ಮದೊಡನೆ ಎತ್ತಿ ಸರಿಸುವ ವಿಧಾನವನ್ನು ತಂದರು. ಸುಶ್ರುತನ ನಾಸಾಸಂಧಾನದ ತತ್ತ್ವವೇ ಇಲ್ಲಿ ಎಲುಬಿಗೆ ಅನ್ವಯಿಸಿದೆ. ಅದೇ ವರ್ಷ ಫ್ರೆಂಕೆಲ್ ಎಂಬವನು ಸೆಲ್ಯುಲಾಯ್ಡ್ ತಗಡನ್ನು ಬಳಸಿದನು. ಆಮೇಲೆ ಬೆಳ್ಳಿ, ಅಲ್ಯೂಮಿನಿಯಂ ಮೊದಲಾದ ಲೋಹಗಳನ್ನು ಪರೀಕ್ಷಿಸಿ, ಅವುಗಳ ದೋಷಗಳನ್ನು ಕಂಡು ಬಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ತಲೆಯ ಗಾಯಗಳು ಅಸಂಖ್ಯಾತವಾಗಲು ಟ್ಯಾಂಟಲಮ್ ಲೋಹವೂ ಅಕ್ರಿಲಿಕ್ ಎಂಬ ಕೃತಕದ್ರವ್ಯವೂ ಪ್ರಚಾರಕ್ಕೆ ಬಂದುವು. ಅಕ್ರಿಲಿಕ್ಕಿನ ಮೊದಲ ಪ್ರಯೋಗ ೧೯೪೦ರಲ್ಲಿ. ಟೈಟೇನಿಯಂ ೧೯೬೫ರಲ್ಲಿ ಬಂದಿತು. ತಲೆಯನ್ನು ಪದರಪದರವಾಗಿ ತೋರಿಸುವ ಸಿ.ಟಿ. ಚಿತ್ರವು ೧೯೭೦ರ ದಶಕದಲ್ಲಿ ಬಳಕೆಗೆ ಬಂದಮೇಲೆ, ಆ ಚಿತ್ರದಿಂದಲೇ ತೆರವಿನ ಅಳತೆ ತೆಗೆದು ಒಬ್ಬೊಬ್ಬ ರೋಗಿಗೂ ತಕ್ಕ ಆಕಾರದ ಮುಚ್ಚಳವನ್ನು ಮುಂಚಿತವಾಗಿಯೇ ಸಿದ್ಧಮಾಡುವ ಮಾರ್ಗ ತೆರೆಯಿತು.

೫. ಸ್ವಾಸ್ಥಿಯ ಗುಣದೋಷಗಳು

ತೆಗೆದ ಬಿಲ್ಲೆಯನ್ನೇ ಮರಳಿ ಇಡುವುದಾದರೆ ಆಕಾರದ ಚಿಂತೆಯಿಲ್ಲ. ಅದು ಅದೇ ತೆರವಿನ ತುಂಡು. ಶರೀರಕ್ಕೆ ಅದು ಪರಕೀಯವಲ್ಲ. ದ್ರವ್ಯಕ್ಕಾಗಿ ಹಣ ತೆರಬೇಕಾಗಿಲ್ಲ. ಸುತ್ತಣ ಎಲುಬಿನೊಡನೆ ಬೆಸೆದುಕೊಂಡರೆ ಮುಂದೆ ಅದಕ್ಕೂ ಮೂಲಕ್ಕೂ ಭೇದವೇ ಕಾಣದಂತಾಗುವುದು. ಆದರೆ ಬಿಲ್ಲೆಯನ್ನು ನಡುವಣ ತಿಂಗಳುಗಳಲ್ಲಿ ಕಾದಿಡಬೇಕು. ಇದಕ್ಕೆ ಎರಡು ಮಾರ್ಗಗಳಿವೆ. ಸೊನ್ನೆಗಿಂತ ಎಪ್ಪತ್ತು ಎಂಬತ್ತು ಡಿಗ್ರಿ ಕೆಳಗಿನ ಶೈತ್ಯದ ಪೆಟ್ಟಿಗೆಯಲ್ಲಿ ಇಡುವುದು ಒಂದು. ರೋಗಿಯ ಹೊಟ್ಟೆಯ ಚರ್ಮದ ಕೆಳಗೆ, ಕೊಬ್ಬಿನ ಪದರದಲ್ಲಿ, ಜೇಬಿನಂತೆ ಎಡೆಮಾಡಿ ಹೂತಿಡುವುದು ಇನ್ನೊಂದು. ಭಾರತದ ಆಸ್ಪತ್ರೆಗಳಲ್ಲಿ ಎರಡನೆಯದು ಬಹಳವಾಗಿ ನಡೆಯುತ್ತದೆ. ಅದಕ್ಕೆ ಶೈತ್ಯಯಂತ್ರವೂ ಬೇಡ, ನಿಲ್ಲದ ವಿದ್ಯುತ್ತೂ ಬೇಡ. ಗಂಡಸಿಯ ರೋಗಿಯೊಬ್ಬನು ಬೆಂಗಳೂರಿನಲ್ಲಿ ತಲೆಯೋಡು ತೆಗೆಸಿಕೊಂಡು ಹಾಸನದಲ್ಲಿ ಮುಚ್ಚಿಸಿಕೊಳ್ಳಬೇಕಾಗಿ ಬಂದರೆ ಅವನ ಎಲುಬು ಅವನೊಡನೆಯೇ ಪ್ರಯಾಣ ಮಾಡುವುದು. ಹೊಟ್ಟೆಯ ಮೇಲೆ ಇನ್ನೊಂದು ಗಾಯವಾಗುವುದೂ, ಅಲ್ಲಿಯೂ ಕೀವು ಕಟ್ಟುವ ಸಂಭವವಿರುವುದೂ, ಬಿಲ್ಲೆಯ ಅಂಚು ಸ್ವಲ್ಪ ಸವೆಯುವುದೂ ಇದರ ದೋಷಗಳು.

ಇಲ್ಲಿ ಸೂಕ್ಷ್ಮವಾದ ಒಂದು ವಿಷಯವನ್ನು ಗಮನಿಸಬೇಕು. ಶೈತ್ಯದಲ್ಲಿಟ್ಟ ಎಲುಬಿನ ಜೀವಕೋಶಗಳು ಸತ್ತಿರುತ್ತವೆ. ಅದು ರೋಗಿಯ ಸ್ವಂತದ್ದೆಂಬುದು ನಿಜವೇ, ಸಜೀವವೆಂಬುದು ನಿಜವಲ್ಲ. ಮರಳಿ ಇಟ್ಟಮೇಲೆ ಅದು ಬಳ್ಳಿಗೆ ಹಂದರ ಹೇಗೋ ಹಾಗೆ ಕೆಲಸಮಾಡುವುದು. ಸುತ್ತಣ ಸಜೀವ ಎಲುಬಿನಿಂದ ರಕ್ತನಾಳಗಳು ಅದರೊಳಕ್ಕೆ ಹಬ್ಬಿ, ಹಳೆಯ ಎಲುಬನ್ನು ಕರಗಿಸುತ್ತ ಅದೇ ಸ್ಥಾನದಲ್ಲಿ ಹೊಸ ಎಲುಬನ್ನು ಕಟ್ಟುತ್ತ ಬರುವುವು. ಕಟ್ಟುವ ಕೆಲಸ ಕರಗುವ ಕೆಲಸಕ್ಕಿಂತ ಹಿಂದೆ ಬಿದ್ದರೆ ಬಿಲ್ಲೆ ತೆಳುವಾಗಿ, ಸಡಿಲವಾಗಿ, ಕಡೆಗೆ ಇಲ್ಲದಂತಾಗುವುದು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ೬೪ ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಸ್ವಾಸ್ಥಿಯನ್ನೂ ಇನ್ನೊಂದಕ್ಕೆ ಟೈಟೇನಿಯಮ್ಮನ್ನೂ ಇಟ್ಟು ನೋಡಿದ ಪರೀಕ್ಷೆಯು ೨೦೧೭ರಲ್ಲಿ ಪ್ರಕಟವಾಯಿತು. ಸ್ವಾಸ್ಥಿಯವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಒಂದು ವರ್ಷದಲ್ಲಿ ಎಲುಬು ಪೂರ್ತಿಯಾಗಿ ಕರಗಿದ್ದಿತು. ಮಕ್ಕಳಲ್ಲಿಯೂ, ಹಲವು ಚೂರುಗಳಾಗಿ ಒಡೆದ ಬಿಲ್ಲೆಯಲ್ಲಿಯೂ ಈ ಕರಗುವಿಕೆ ಹೆಚ್ಚು.

ಬಿಲ್ಲೆಯೇ ಇಲ್ಲವಾದಾಗ ಶರೀರದ ಬೇರೆ ಭಾಗದಿಂದ ಸ್ವಾಸ್ಥಿಯನ್ನು ತರುವುದುಂಟು. ಪಕ್ಕೆಲುಬು, ಸೊಂಟದ ಎಲುಬುಗಳು ಇದಕ್ಕೆ ಒದಗುವುವು. ಪ್ರಾಯದವರ ತಲೆಯೋಡಿಗೆ ಹೊರಪದರ, ಒಳಪದರ, ನಡುವೆ ಸ್ಪಂಜಿನಂತಹ ಭಾಗ ಇರುವುದರಿಂದ, ಗಟ್ಟಿಯಾದ ಕಡೆಯಿಂದ ಒಂದು ತುಂಡನ್ನು ತೆಗೆದು, ಹಲಸಿನ ಹಲಗೆಯನ್ನು ಸೀಳಿದಂತೆ ಎರಡಾಗಿ ಸೀಳಿ, ಒಂದನ್ನು ಅಲ್ಲಿಯೂ ಒಂದನ್ನು ತೆರವಿನಲ್ಲಿಯೂ ಇಡಬಹುದು. ಎಳೆಯ ಮಕ್ಕಳ ತಲೆಯೋಡು ತೆಳುವಾದುದರಿಂದ ಹೀಗೆ ಸೀಳುವುದು ಕಷ್ಟ.

೬. ಕೃತಕದ್ರವ್ಯಗಳ ಗುಣದೋಷಗಳು

ಕೃತಕದ್ರವ್ಯಗಳಲ್ಲಿ ಅಕ್ರಿಲಿಕ್ ಸುಲಭಬೆಲೆಯದು. ಕಟ್ಟಿಸಿಕೊಂಡ ಹಲ್ಲಿನ ವಸಡನ್ನು ಮಾಡುವುದೂ ಇದೇ ಜಾತಿಯ ದ್ರವ್ಯದಿಂದ. ಪುಡಿಯನ್ನೂ ದ್ರವವನ್ನೂ ಕಲಸಿದರೆ ಹಿಟ್ಟಿನಂತಾಗಿ ಬೇಕಾದ ಆಕಾರವನ್ನು ತಾಳಿ ಗಟ್ಟಿಯಾಗುವುದು. ಗಟ್ಟಿಯಾಗುವಾಗ ಬಹಳ ಬಿಸಿಯಾಗುವುದರಿಂದ ಮಿದುಳನ್ನು ಕಾಯ್ದುಕೊಳ್ಳಬೇಕು, ಇಲ್ಲವೆ ಹೊರಗೇ ಅಚ್ಚಿನಲ್ಲಿ ಎರಕಮಾಡಿ ಇಡಬೇಕು. ಎಲುಬು ಅದರೊಳಕ್ಕೆ ಬೆಳೆಯುವುದಿಲ್ಲ. ಪೆಟ್ಟು ಬಿದ್ದರೆ ಒಡೆಯಲೂಬಹುದು. ಟೈಟೇನಿಯಂ ಹಗುರ, ಬಲಿಷ್ಠ. ಶರೀರವು ಅದನ್ನು ಚೆನ್ನಾಗಿ ಸಹಿಸುವುದು. ಶಾಖವನ್ನು ಒಯ್ಯುವುದೂ, ಮುಂದೆ ತೆಗೆಯುವ ತಲೆಯ ಚಿತ್ರಗಳಲ್ಲಿ ಮಸುಕನ್ನುಂಟುಮಾಡುವುದೂ, ಚರ್ಮ ತೆಳುವಾದಲ್ಲಿ ಕೆಲವು ವೇಳೆ ಹೊರಕ್ಕೆ ತೋರುವುದೂ ಅದರ ದೋಷಗಳು. ಹೈಡ್ರಾಕ್ಸಿ ಅಪಟೈಟ್ ಎಂಬುದು ಎಲುಬಿನ ಖನಿಜಾಂಶವೇ ಆಗಿರುವ ಸುಣ್ಣ ಮತ್ತು ರಂಜಕಗಳ ಸಂಯೋಗ. ಎಲುಬು ಅದಕ್ಕೆ ಅಂಟಿ ಬೆಳೆಯಬಲ್ಲದು, ಆದರೆ ಅದು ಬೇಗ ಒಡೆಯುವ ಸ್ವಭಾವದ್ದು. ಪೀಕ್ ಎಂಬ ಗಟ್ಟಿಯಾದ ಪ್ಲಾಸ್ಟಿಕ್ಕು ಸಿ.ಟಿ. ಚಿತ್ರದ ಅಳತೆಗೆ ಸರಿಯಾಗಿ ಕಡೆಯಲ್ಪಟ್ಟು ಬರುವುದು, ಚಿತ್ರಗಳಿಗೆ ಅಡ್ಡಬಾರದು, ಆದರೆ ಬೆಲೆ ಬಹಳ.

ಈ ನಾಲ್ಕಕ್ಕೂ ಸಾಮಾನ್ಯವಾದ ಗುಣವೆಂದರೆ ಕರಗದಿರುವುದು. ಸಾಮಾನ್ಯವಾದ ದೋಷವೆಂದರೆ ಸೋಂಕು ತಗುಲಿದಾಗ ರಕ್ತಸಂಚಾರವಿಲ್ಲದ ಕಾರಣ ಶರೀರದ ರಕ್ಷಣಾಶಕ್ತಿಯೂ ಔಷಧವೂ ಅವುಗಳ ಒಳಗನ್ನು ತಲುಪಲಾರದೆ, ಬಹುಮಟ್ಟಿಗೆ ತೆಗೆದೇ ಬಿಡಬೇಕಾಗುವುದು. ಶೈತ್ಯದಿಂದ ತಂದ ಸ್ವಾಸ್ಥಿಯೂ, ನಾಳಗಳು ಹಬ್ಬುವವರೆಗೆ, ಈ ದೋಷದಲ್ಲಿ ಪಾಲುಗಾರನೇ ಎಂಬುದನ್ನು ಮರೆಯಲಾಗದು.

ಕನ್ನಡವನ್ನು ಬೋಧಿಸುವವರಿಗೆ ಈ ಭೇದವನ್ನು ವ್ಯಾಕರಣದ ಪರಿಭಾಷೆಯಲ್ಲಿ ಸುಲಭವಾಗಿ ಹೇಳಬಹುದು. ಸಂಧಿಯಲ್ಲಿ ಲೋಪ, ಆಗಮ, ಆದೇಶಗಳೆಂದು ಮೂರು ಕಾರ್ಯಗಳಷ್ಟೆ. ಲೋಹದ ಮುಚ್ಚಳವು ಆದೇಶದಂತೆ ಮೂಲವನ್ನು ತೊಲಗಿಸಿ ಅದರ ಸ್ಥಾನದಲ್ಲಿ ತಾನು ನಿಲ್ಲುವುದು. ಕರಗುವ ಸ್ವಾಸ್ಥಿಗೆ ಲೋಪವೇ ಗತಿ. ಪಾಣಿನಿಯು ಆದೇಶಕ್ಕೆ ಸ್ಥಾನಿಯ ಧರ್ಮಗಳನ್ನು ಅತಿದೇಶಿಸುವಾಗ, ವರ್ಣವನ್ನೇ ಆಶ್ರಯಿಸಿದ ಕಾರ್ಯಗಳಲ್ಲಿ ಅದು ಸಲ್ಲದೆಂದು ಹೊರತುಪಡಿಸಿರುತ್ತಾನೆ. ಹಾಗೆಯೇ ಮುಚ್ಚಳವು ರಕ್ಷಣೆಯಲ್ಲಿ ಎಲುಬಿನಂತೆ ನಡೆದುಕೊಳ್ಳುವುದು. ಬೆಳೆಯುವುದು, ಮಾಯುವುದು ಮೊದಲಾಗಿ ಎಲುಬಿನ ಸ್ವರೂಪವನ್ನೇ ಆಶ್ರಯಿಸಿದ ಕಾರ್ಯಗಳಲ್ಲಿ ನಡೆದುಕೊಳ್ಳದು.

೭. ಪ್ರತಿನಿಧಿನ್ಯಾಯದ ಅನ್ವಯ

ಈಗ ಮೀಮಾಂಸೆಯ ನಿರ್ಣಯಗಳನ್ನು ನೋಡಬಹುದು. ಮೊದಲನೆಯದು: ವಿಹಿತದ್ರವ್ಯ ದೊರೆಯದಿದ್ದರೆ ಕರ್ಮವನ್ನು ಬಿಡಲಾಗದು, ಸದೃಶದ್ರವ್ಯದಿಂದ ಮುಗಿಸಬೇಕು. ವ್ರೀಹಿಯಿಲ್ಲದಿದ್ದರೆ ನೀವಾರ. ನೀವಾರವನ್ನು ಗ್ರಹಿಸುವುದು ಅದರಲ್ಲಿ ವ್ರೀಹಿಯ ಅವಯವಗಳು ಬಹಳವಾಗಿರುವುದರಿಂದ. ಎಲುಬಿನ ಖನಿಜವನ್ನೇ ಹೋಲುವ ದ್ರವ್ಯವನ್ನು ಹುಡುಕುವ ವೈದ್ಯರ ಪ್ರಯತ್ನವು ಈ ಸಾದೃಶ್ಯತತ್ತ್ವಕ್ಕೆ ಸೇರಿದುದು. ಎರಡನೆಯದು: ಪ್ರತಿನಿಧಿಯೂ ನಷ್ಟವಾದರೆ ಮತ್ತೆ ತರುವುದು ಮುಖ್ಯಕ್ಕೆ ಸದೃಶವಾಗಿರಬೇಕೇ ಹೊರತು ಮೊದಲ ಪ್ರತಿನಿಧಿಗಲ್ಲ. ಸೋಮಕ್ಕೆ ಪೂತೀಕ ಪ್ರತಿನಿಧಿ. ಪೂತೀಕವೂ ಇಲ್ಲದಿದ್ದರೆ ಸೋಮಸದೃಶವನ್ನೇ ಹುಡುಕಬೇಕು. ಮೊದಲಿಟ್ಟ ಲೋಹದ ಮುಚ್ಚಳ ವಿಫಲವಾಗಿ ತೆಗೆದಲ್ಲಿ, ಎರಡನೆಯ ಸಲ ಅಳತೆಗೋಲಾಗಬೇಕಾದುದು ಆ ಮುಚ್ಚಳವಲ್ಲ; ಮೂಲದ ಎಲುಬೇ.

ಮೂರನೆಯ ನಿರ್ಣಯವೇ ಪ್ರಕೃತಕ್ಕೆ ಪ್ರಾಣಭೂತವಾದುದು. ಯೂಪಕ್ಕೆ ಖದಿರವು ವಿಹಿತ. ದೊರೆತ ಖದಿರವು ಪಶುವನ್ನು ಹಿಡಿದು ನಿಲ್ಲಿಸಲಾರದಷ್ಟು ಕೃಶವಾಗಿದ್ದರೆ? ಮುಖ್ಯವೆಂಬ ಹೆಸರಿಗಾಗಿ ಅದನ್ನೇ ನೆಡಬೇಕೇ? ಬೇಡ, ಕಾರ್ಯಸಮರ್ಥವಾದ ಕದರವನ್ನು ತರಬೇಕು. ಪ್ರಯೋಜನಕ್ಕೂ ದ್ರವ್ಯಕ್ಕೂ ವಿರೋಧ ಬಂದಲ್ಲಿ ಪ್ರಯೋಜನವೇ ಬಲೀಯಸ್ಸು ಎಂಬುದು ಸಿದ್ಧಾಂತ. ಹತ್ತು ಚೂರಾದ, ಕೀವು ತಗುಲಿದ, ಇಲ್ಲವೆ ಗೆಡ್ಡೆಯ ರೋಗ ಹಿಡಿದ ಸ್ವಾಸ್ಥಿಯು ಕೃಶವಾದ ಖದಿರದಂತೆ. ತನ್ನದೆಂಬ ಮಮತೆಯಿಂದ ಅದನ್ನೇ ಇಡಿಸಿಕೊಂಡವನು ಮತ್ತೊಮ್ಮೆ ಶಸ್ತ್ರಕ್ಕೆ ತಲೆಯೊಡ್ಡಬೇಕಾದೀತು.

ಆದರೆ ಇದರಿಂದ ಕೃತಕದ್ರವ್ಯವೇ ಸರ್ವತ್ರ ಶ್ರೇಷ್ಠವೆಂದು ತಿಳಿಯಬಾರದು. ನಾಲ್ಕನೆಯ ನಿರ್ಣಯವು ಆ ಅತಿಪ್ರಸಂಗವನ್ನು ತಡೆಯುವುದು. ದೊರೆತ ವ್ರೀಹಿಯು ಪ್ರಧಾನಾಹುತಿಗೆ ಮಾತ್ರ ಸಾಕಾಗಿ ಶೇಷಕಾರ್ಯಗಳಿಗೆ ಸಾಲದಿದ್ದರೂ ವ್ರೀಹಿಯನ್ನೇ ಗ್ರಹಿಸಬೇಕು. ಅಂಗಗಳ ಕೊರತೆಗಾಗಿ ಮುಖ್ಯವನ್ನು ಬಿಡಲಾಗದು. ಸ್ವಾಸ್ಥಿಯ ಅಂಚು ಸ್ವಲ್ಪ ಸವೆದು ಹಣೆಯ ಪಕ್ಕದಲ್ಲಿ ಸಣ್ಣ ತಗ್ಗು ಉಳಿಯುವುದೆಂಬ ಕಾರಣಕ್ಕಾಗಿ, ದೃಢವೂ ಶುದ್ಧವೂ ಆದ ಬಿಲ್ಲೆಯನ್ನು ಬಿಸುಟು ಸಾಲಮಾಡಿ ಬೆಲೆಬಾಳುವ ಮುಚ್ಚಳವನ್ನು ತರಿಸುವುದು ನ್ಯಾಯವಲ್ಲ. ರಕ್ಷಣೆ ಪ್ರಧಾನ, ಅಂದ ಅಂಗ. ಪ್ರಧಾನಕ್ಕೆ ಕೊರತೆಯಿದ್ದರೆ ಪ್ರತಿನಿಧಿ. ಅಂಗಕ್ಕೆ ಮಾತ್ರ ಕೊರತೆಯಿದ್ದರೆ ಮುಖ್ಯವೇ.

ಮಕ್ಕಳ ವಿಷಯದಲ್ಲಿ ಮಾತ್ರ ನಿರ್ಣಯ ಕಠಿನವಾಗುವುದು. ಮೊದಲ ಎರಡು ವರ್ಷಗಳಲ್ಲಿ ತಲೆ ಅತಿವೇಗವಾಗಿ ಬೆಳೆಯುವುದರಿಂದ ಬೆಳವಣಿಗೆಯೂ ಪ್ರಧಾನಪ್ರಯೋಜನಗಳಲ್ಲಿ ಒಂದಾಗುವುದು. ಲೋಹವಾಗಲಿ ಪ್ಲಾಸ್ಟಿಕ್ಕಾಗಲಿ ಬೆಳೆಯಲಾರದು. ಬೆಳೆಯಬಲ್ಲ ಸ್ವಾಸ್ಥಿಯೋ ಮಕ್ಕಳಲ್ಲಿಯೇ ಹೆಚ್ಚಾಗಿ ಕರಗುವುದು. ಹೀಗೆ ಉಭಯತಃಪಾಶವಾಗಲು, ಮೊದಲು ಸ್ವಾಸ್ಥಿಯನ್ನಿಟ್ಟು, ಕರಗಿದರೆ ಮುಂದೆ ಅಳತೆಗೆ ಮಾಡಿಸಿದ ಮುಚ್ಚಳವನ್ನಿಡಬಹುದೆಂದು ಹಲವರ ಕ್ರಮ. ಎರಡನೆಯ ಶಸ್ತ್ರಕ್ರಿಯೆಯ ಸಂಭವವನ್ನು ತಂದೆತಾಯಿಗಳಿಗೆ ಮೊದಲೇ ತಿಳಿಯಹೇಳುವುದು ಇಲ್ಲಿ ಅವಶ್ಯಕರ್ತವ್ಯ.

೮. ಆಚಾರವೂ ಸ್ವಾಮಿತ್ವವೂ

ದ್ರವ್ಯದ ಆಯ್ಕೆಯಲ್ಲಿ ಆಚಾರಕ್ಕೂ ಸ್ಥಾನವುಂಟೆಂಬುದಕ್ಕೆ ಕರ್ನಾಟಕದ ವೈದ್ಯಸಾಹಿತ್ಯವೇ ಸಾಕ್ಷಿ. ನೃಪತುಂಗನ ಆಸ್ಥಾನದಲ್ಲಿ ಮಾಂಸಭಕ್ಷಣದ ವಿರುದ್ಧ ವಾದಿಸಿದ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವೂ, ಪೂಜ್ಯಪಾದನ ಗ್ರಂಥವನ್ನನುಸರಿಸಿ ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡದಲ್ಲಿ ರಚಿಸಿದ ಕಲ್ಯಾಣಕಾರಕವೂ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಚಿಕಿತ್ಸಾಕ್ರಮವನ್ನು ಹೇಳುತ್ತವೆ. ಸುಶ್ರುತನು ಒಡೆದ ಕಪಾಲಕ್ಕೆ ವಿಧಿಸಿದ ಜೇನುತುಪ್ಪವೇ ಈ ವೈದ್ಯರಿಗೆ ನಿಷಿದ್ಧವಾಯಿತು. ದ್ರವ್ಯ ಬದಲಾದರೂ ಚಿಕಿತ್ಸೆ ನಡೆಯಬೇಕು. ಚಿಕಿತ್ಸೆಗಾಗಿ ರೋಗಿಯ ವ್ರತ ಕೆಡಬಾರದು ಎಂಬುದು ಅವರ ನಿಲುವು. ಇಂದು ದನದ ಎಲುಬಿನಿಂದ ಮಾಡಿದ ವೈದ್ಯದ್ರವ್ಯಗಳೂ ಮಾರುಕಟ್ಟೆಯಲ್ಲಿರುವುದರಿಂದ, ಅಂತಹವನ್ನು ಉಪಯೋಗಿಸುವ ಮುನ್ನ ರೋಗಿಯನ್ನು ಕೇಳುವುದು ಆ ಹಳೆಯ ನಿಲುವಿಗೆ ಅನುಗುಣವಾದುದು.

ಕಡೆಯದಾಗಿ ಜೈಮಿನಿಯ ಇನ್ನೊಂದು ನಿರ್ಣಯ. ದ್ರವ್ಯಕ್ಕೆ ಪ್ರತಿನಿಧಿಯುಂಟು, ದೇವತೆ, ಅಗ್ನಿ, ಮಂತ್ರ, ಕ್ರಿಯೆಗಳಿಗೂ, ಫಲಭೋಕ್ತನಾದ ಸ್ವಾಮಿಗೂ ಪ್ರತಿನಿಧಿಯಿಲ್ಲ. ಹಲವರು ಯಜಮಾನರು ಕೂಡಿ ನಡೆಸುವ ಸತ್ರದಲ್ಲಿ ಮಾತ್ರ, ಒಬ್ಬನು ನಡುವೆ ತೀರಿಕೊಂಡರೆ ಸಂಖ್ಯಾಪೂರ್ತಿಗಾಗಿ ಇನ್ನೊಬ್ಬನನ್ನು ತರಬಹುದು. ಆದರೆ ಫಲ ಅವನಿಗೆ ಸೇರದು. ತಲೆಗೆ ಪೆಟ್ಟು ಬಿದ್ದವನು ಎಚ್ಚರವಿಲ್ಲದೆ ಮಲಗಿರುವಾಗ ಮೊದಲ ಶಸ್ತ್ರಕ್ರಿಯೆಗೆ ಮಗನೋ ಹೆಂಡತಿಯೋ ರುಜು ಹಾಕಬೇಕಾಗುವುದು. ಅದು ಸತ್ರದ ಪೂರಕಪುರುಷನ ಕೆಲಸ. ಫಲವನ್ನು ಅನುಭವಿಸುವವನು ಮಲಗಿರುವವನೇ. ತೆರವನ್ನು ಮುಚ್ಚುವ ಎರಡನೆಯ ಕ್ರಿಯೆಯೋ ತಿಂಗಳುಗಳ ಮೇಲೆ ನಡೆಯುವುದು. ಅಷ್ಟರಲ್ಲಿ ರೋಗಿಯು ಮಾತನಾಡಬಲ್ಲವನಾಗಿದ್ದರೆ, ಎಲುಬೋ ಲೋಹವೋ ಎಂಬುದನ್ನು, ಅವುಗಳ ಬೆಲೆ, ಕರಗುವ ಭಯ, ಸೋಂಕಿನ ಭಯಗಳೊಡನೆ, ಅವನಿಗೇ ಅವನ ಮಾತಿನಲ್ಲಿ ವಿವರಿಸಿ ಒಪ್ಪಿಗೆ ಪಡೆಯತಕ್ಕದ್ದು.

ಸಂಗ್ರಹವಾಗಿ ಹೇಳುವುದಾದರೆ: ಪ್ರಾಯದವನ ಬಿಲ್ಲೆ ಇಡಿಯಾಗಿ, ಶುದ್ಧವಾಗಿ ಇದ್ದರೆ ಸ್ವಾಸ್ಥಿಯೇ ಪ್ರಥಮಪಕ್ಷ. ಚೂರಾಗಿದ್ದರೆ, ಕೆಟ್ಟಿದ್ದರೆ, ಒಮ್ಮೆ ಇಟ್ಟು ಕರಗಿದ್ದರೆ ಕೃತಕದ್ರವ್ಯ. ಅದರಲ್ಲಿಯೂ ಯಾವುದೆಂಬುದು ತೆರವಿನ ಅಗಲ, ಚರ್ಮದ ಸ್ಥಿತಿ, ಕುಟುಂಬದ ಶಕ್ತಿ ಇವುಗಳನ್ನು ಅವಲಂಬಿಸಿದೆ. ಸ್ವಂತದ್ದು, ಪರಕೀಯ ಎಂಬ ಭೇದವನ್ನು ಎಲುಬು ಎಲ್ಲಿಂದ ಬಂದಿತೆಂಬುದರಿಂದ ಮಾತ್ರ ನಿರ್ಣಯಿಸುವುದು ಸಾಲದು. ಅದರೊಳಕ್ಕೆ ರಕ್ತ ಹರಿದು ಅದು ಮತ್ತೆ ಕಟ್ಟಿಕೊಳ್ಳುವುದೇ ಎಂಬುದನ್ನು ನೋಡಬೇಕು. ಹರಿಯುವುದೆಂಬ ಭರವಸೆಯಿದ್ದಲ್ಲಿ ಸ್ವಾಸ್ಥಿಗೆ ಸಮನಾದುದಿಲ್ಲ. ಇಲ್ಲದಲ್ಲಿ, ತೋಟದ ಕೆಲಸಕ್ಕೆ ಮರಳಿ ಹೋಗಬೇಕಾದವನ ತಲೆಯನ್ನು ಕಾಯುವುದು ಟೈಟೇನಿಯಂ ತಗಡಾದರೆ, ಅದನ್ನು ಹೀನವೆಂದೆಣಿಸಲು ಶಾಸ್ತ್ರದಲ್ಲಿ ಆಧಾರವಿಲ್ಲ.